ಕಂಡದ್ದನ್ನು ಕಂಡ ಹಾಗೆ

ಬೇಕರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರಿಗೂ ಅವನು ‘ಪಾದ್ರಿ’. ಒಲೆಯ ಬಾಗಿಲು ತೆಗೆಯುವ ಮುನ್ನ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾನೆಂದು ಅಂಟಿಕೊಂಡ ಹೆಸರು. “ಪಾದ್ರಿಗಳೇ, ಇವತ್ತಾದ್ರೂ ಬ್ರೆಡ್ ಸೀಯದ ಹಾಗೆ ಮೇಲಿನವರಿಗೆ ಒಂದು ಮಾತು ಹೇಳಿ” ಎಂದು ರೇಗಿಸಿದರೆ ಅವನೂ ನಗುತ್ತಿದ್ದ. ಅಲ್ಲಿ ಮೇಸ್ತ್ರಿಯಾಗಿದ್ದವನು ಅವನ ಅಕ್ಕನ ಗಂಡ. ಅಪ್ಪ ತೀರಿಕೊಂಡ ಮೇಲೆ ಅವನನ್ನೂ ಅಮ್ಮನನ್ನೂ ಕೈಬಿಡದೆ ನೋಡಿಕೊಂಡವನು, ಕೆಲಸ ಕೊಡಿಸಿದವನು ಈ ಭಾವನೇ.

ಹಿಟ್ಟು ನಾದುವ ಯಂತ್ರದ ಬಾಯಿಗೆ ಕಬ್ಬಿಣದ ಜಾಲರಿಯಿತ್ತು. ಅದನ್ನು ಎತ್ತಿದರೆ ಯಂತ್ರ ನಿಂತುಬಿಡುತ್ತಿತ್ತು. ಬೇಡಿಕೆ ಹೆಚ್ಚಿದ ಒಂದು ವಾರ, ಹೀಗೆ ನಿಲ್ಲಿಸುತ್ತ ಕೂತರೆ ಕೆಲಸ ಸಾಗದೆಂದು ಭಾವ ಜಾಲರಿಯನ್ನೇ ಬಿಚ್ಚಿ, ಅದಿಲ್ಲದೆಯೂ ಯಂತ್ರ ತಿರುಗುವಂತೆ ಮಾಡಿದ.

“ಭಾವ, ಯಾರಾದ್ರೂ ಕೈ ಹಾಕಿದ್ರೆ?”

“ನೀನು ನಿನ್ನ ಒಲೆ ನೋಡ್ಕೋ.”

ಆ ವಾರ ಮುಗಿಯುವುದರೊಳಗೆ, ಹೊಸದಾಗಿ ಮದುವೆಯಾಗಿದ್ದ ಕೆಲಸದವಳೊಬ್ಬಳ ಬಲಗೈ ಯಂತ್ರಕ್ಕೆ ಸಿಕ್ಕಿತು. ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೂ ತೆಗೆದುಹಾಕಿದರು.

ವಿಚಾರಣೆಯ ಹಿಂದಿನ ಸಂಜೆ ಭಾವ ಮನೆಗೆ ಬಂದ. ಅಮ್ಮನ ಮಂಚದ ತುದಿಗೆ ಕೂತು ನೆಲ ನೋಡುತ್ತಲೇ ಹೇಳಿದ: “ಅವಳೇ ಜಾಲರಿ ಬಿಚ್ಚಿದಳು ಅಂತ ಎಲ್ರೂ ಹೇಳ್ತಾರೆ. ನೀನು ಸುಳ್ಳು ಹೇಳ್ಬೇಡಪ್ಪ. ನೋಡಿಲ್ಲ ಅನ್ನು, ಅಷ್ಟೇ.”

“ಅದೂ ಸುಳ್ಳೇ ಅಲ್ವಾ, ಭಾವ?”

ಭಾವ ಎದ್ದುಹೋದ. ಅಮ್ಮ ಮಗನ ತೋಳು ಹಿಡಿದಳು. “ನೀನು ಸುಮ್ನಿದ್ರೆ ಏನಾಗುತ್ತೋ?”

“ಏನೂ ಆಗಲ್ಲಮ್ಮ. ನನಗೆ ಅದೇ ಭಯ.”

ಮರುದಿನ ಕಾರ್ಮಿಕ ಅಧಿಕಾರಿಯೆದುರು ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ. ಭಾವ ಅವನನ್ನು ದಿಟ್ಟಿಸಿದ್ದು ಒಂದೇ ಒಂದು ಸಲ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಇವನು ತಡೆದುಕೊಳ್ಳುತ್ತಿದ್ದನೇನೋ.

ಪ್ರಕರಣ ಕೋರ್ಟಿಗೆ ಹೋಗಿ ಭಾವನಿಗೆ ಜೈಲಾಯಿತು. ಬೇಕರಿಯಲ್ಲಿ ಇವನನ್ನು ಪಾದ್ರಿ ಎಂದು ಕರೆಯುವುದೂ ನಿಂತಿತು. ಕೈ ಕಳೆದುಕೊಂಡವಳನ್ನು ನೋಡಲು ಹೋದಾಗ ಅವಳು ಎಡಗೈಯಿಂದಲೇ ಕುರ್ಚಿ ಎಳೆದು ಕೂರಿಸಿದಳು. “ನಮ್ಮೆಜಮಾನ್ರೂ ತಪ್ಪು ನಂದೇ ಅಂತಿದ್ರು ಅಣ್ಣ. ಈಗ ಅನ್ನಲ್ಲ” ಎಂದಳು. ಅಷ್ಟಕ್ಕೇ ಅವನ ಕಣ್ಣು ತುಂಬಿತು.

ಅಕ್ಕ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು. “ದೇವರ ಸಾಕ್ಷಿಯಾಗಿ ನಿಜ ಹೇಳ್ದೆ ಅಂತೀಯಲ್ಲ, ಆ ದೇವರು ನನಗೂ ದೇವರೇ ಅಲ್ವೇನೋ? ನನ್ನ ಕಣ್ಣೀರಿಗೆ ಯಾರೋ ಸಾಕ್ಷಿ?”

ಅವನಿಗೆ ನೆನಪಿದ್ದ ದೇವರ ವಾಕ್ಯಗಳೆಲ್ಲ ಆ ಹೊಸ್ತಿಲ ಮುಂದೆ ಬಾಯಿಗೆ ಬರದೇ ಹೋದವು. ವಾರವಾರ ಜೈಲಿಗೆ ಹೋದ. ಭಾವ ಒಮ್ಮೆಯೂ ಭೇಟಿಗೆ ಬರಲಿಲ್ಲ. ಕಾವಲಿನವರು ಕರೆದು ಸೋತು ತಲೆಯಾಡಿಸಿದ ಮೇಲೆ, ತಂದ ಹಣ್ಣನ್ನು ಅಲ್ಲೇ ಕೊಟ್ಟು ಹಿಂತಿರುಗುತ್ತಿದ್ದ.

ಭಾವ ಬಿಡುಗಡೆಯಾಗಿ ಬಂದ ಕೆಲವೇ ದಿನಗಳಲ್ಲಿ ಅಮ್ಮ ಹೋದಳು. ಶವಪೆಟ್ಟಿಗೆಗೆ ಒಂದು ಕಡೆ ಇವನು ಹೆಗಲು ಕೊಟ್ಟರೆ ಇನ್ನೊಂದು ಕಡೆ ಭಾವ ಕೊಟ್ಟ. ಭಾವನ ಕೂದಲೆಲ್ಲ ನರೆತು, ಅಂಗಿ ಮೈಮೇಲೆ ತೂಗಾಡುತ್ತಿತ್ತು. ಸಮಾಧಿಯ ಪ್ರಾರ್ಥನೆ ಮುಗಿದು ಜನ ಚದುರಿದಾಗ ಭಾವ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ:

“ನೀನು ಹೇಳಿದ್ದು ನಿಜ. ಆ ಹುಡುಗಿ ಹತ್ರ ಹೋಗಿ ನಾನೂ ಒಪ್ಕೊಂಡು ಬಂದೆ. ಆದ್ರೆ ನಿನ್ನ ಮುಖ ನೋಡೋಕೆ ನನ್ನಿಂದ ಆಗಲ್ಲ ಕಣೋ. ಮನೆಗೆ ಬರ್ಬೇಡ.”

“ಆಯ್ತು ಭಾವ.”

ಅಕ್ಕ ಗಂಡನ ತೋಳು ಹಿಡಿದು ಗೇಟಿನತ್ತ ನಡೆದಳು. ಅವರಿಬ್ಬರೂ ರಸ್ತೆಯ ತಿರುವಿನಲ್ಲಿ ಮರೆಯಾದ ಮೇಲೆ ಇವನು ಮಂಡಿಯೂರಿ, ಅಮ್ಮನ ಮೇಲಿನ ಸಡಿಲ ಮಣ್ಣನ್ನು ಎರಡೂ ಕೈಯಿಂದ ಮೆಲ್ಲಗೆ ತಟ್ಟತೊಡಗಿದ.