ಅಕ್ಕನ ಬೆರಳು

೨೦೨೩ರ ಅಕ್ಟೋಬರ್ ೧೧, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ರೈಲು ಎರಡನೆಯ ದಿನದ ಏರು ಹತ್ತುತ್ತಿತ್ತು. ಗಾಜಿನ ಚಾವಣಿಯ ಬೋಗಿಯಲ್ಲಿ ಎಲ್ಲರೂ ಹಿಮದ ಶಿಖರಗಳನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದರೆ, ಅಕ್ಕ ಮಾತ್ರ ತಮ್ಮನ ಬೆರಳನ್ನು ನೋಡುತ್ತಿದ್ದಳು. ಅದಕ್ಕೆ ಕಚ್ಚಿಸಿದ್ದ ಆಕ್ಸಿಮೀಟರು ಅವನ ರಕ್ತದ ಆಮ್ಲಜನಕ ಶೇಕಡಾ ಎಂಬತ್ತೆಂಟು ಎನ್ನುತ್ತಿತ್ತು.

ತಮ್ಮನಿಗೆ ನಲವತ್ತಾರು ವರ್ಷ. ಅಕ್ಕನ ಬಾಯಲ್ಲಿ ಇನ್ನೂ ಪುಟ್ಟ. ಎರಡು ವರ್ಷದ ಹಿಂದೆ ಅವನ ಬಲ ಶ್ವಾಸಕೋಶದ ಒಂದು ಭಾಗವನ್ನು ತೆಗೆದಿದ್ದರು. ಆಸ್ಪತ್ರೆಯ ಹಾಸಿಗೆಯಲ್ಲಿ ಅವನು ಆಸೆಪಟ್ಟದ್ದು ಈ ಪ್ರಯಾಣವೊಂದನ್ನೇ. ಡಾಕ್ಟರು ಒಪ್ಪಿದರೂ ಅಕ್ಕನ ಜೀವ ಒಪ್ಪಿರಲಿಲ್ಲ. ರಾತ್ರಿಯೆಲ್ಲ ಅವನ ಉಸಿರನ್ನೇ ಕಾದವಳಿಗೆ ಈಗ ತಲೆ ಸಿಡಿಯುತ್ತಿತ್ತು. ನಿದ್ದೆಗೆಟ್ಟದ್ದಕ್ಕೆ ಎಂದುಕೊಂಡಿದ್ದಳು.

"ಪುಟ್ಟಾ, ಎದೆ ಹಿಡಿದ ಹಾಗೆ ಆಗ್ತಿದೆಯೇನೋ?"

"ಆಗ್ತಿದೆ, ನೀನು ಕೇಳಿದಾಗೆಲ್ಲ. ಬೆಟ್ಟ ನೋಡೋಕೆ ಬಂದ್ಯೋ ನನ್ನ ಬೆರಳು ನೋಡೋಕೋ?"

ಹೊರಗಿನ ಗಾಳಿಯ ಒತ್ತಡ ಇಳಿದಂತೆ ಮೇಜಿನ ಮೇಲಿನ ಬಿಸ್ಕತ್ತಿನ ಪೊಟ್ಟಣ ದಿಂಬಿನ ಹಾಗೆ ಉಬ್ಬಿತ್ತು. ಒತ್ತಡದ ಮೀಟರುಗಳನ್ನು ಪರೀಕ್ಷಿಸುವುದೇ ಅಕ್ಕನ ಕೆಲಸ. ಆ ಪೊಟ್ಟಣದತ್ತ ಕಣ್ಣು ಹೋದಾಗಲೆಲ್ಲ ಅವಳು ತಮ್ಮನ ಬೆರಳಿನ ಅಂಕಿಯನ್ನು ಮತ್ತೆ ನೋಡುತ್ತಿದ್ದಳು.

ಎಂಬತ್ತೇಳು. ಎಂಬತ್ತಾರು.

ಮೀಟರೇ ಕೆಟ್ಟಿರಬಾರದೇಕೆ? ಪ್ರಯೋಗಾಲಯದಲ್ಲಿ ಅನುಮಾನ ಬಂದ ಮೀಟರನ್ನು, ಸರಿಯೆಂದು ಖಾತ್ರಿಯಿರುವ ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದರು. ಇಲ್ಲಿ ಖಾತ್ರಿಯಿದ್ದದ್ದು ಯಾವುದು? ಜ್ವರವೆಂದು ಒಂದು ದಿನವೂ ರಜೆ ಹಾಕದ ಅವಳದೇ ಮೈ. ಮೀಟರನ್ನು ತನ್ನ ಬೆರಳಿಗೆ ಸಿಕ್ಕಿಸಿಕೊಂಡಳು.

ಎಪ್ಪತ್ನಾಲ್ಕು.

ಅಕ್ಕನಿಗೆ ನಗು ಬಂತು. "ಕೆಟ್ಟಿದೆ ಕಣೋ! ನನ್ನದು ತೊಂಬತ್ತೆಂಟು ಇರಬೇಕು. ಇಪ್ಪತ್ನಾಲ್ಕು ಕಮ್ಮಿ ತೋರಿಸ್ತಿದೆ."

"ಸದ್ಯ, ಬದುಕಿದೆ. ಹಾಗಾದ್ರೆ ನನ್ನದೆಷ್ಟು?"

ಎಂಬತ್ತಾರಕ್ಕೆ ಇಪ್ಪತ್ನಾಲ್ಕು. ಅಷ್ಟು ಸಣ್ಣ ಲೆಕ್ಕವನ್ನೂ ಕೂಡಲು ಅವಳಿಂದ ಆಗಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದಳು. ಬೆರಳು ಮಡಿಸಿದಳು.

ತಮ್ಮನೇ ಹೇಳಿದ: "ನೂರಾ ಹತ್ತು. ಶೇಕಡಾ ನೂರಾ ಹತ್ತು! ಭಲೇ, ಅರ್ಧ ಶ್ವಾಸಕೋಶದಲ್ಲೇ..."

ಅವನ ಮಾತು ಅಲ್ಲಿಗೇ ನಿಂತಿತು. ನೂರರ ಮೇಲೆ ಹೋಗುವುದು ಸಾಧ್ಯವೇ ಇಲ್ಲ. ಹಾಗಾದರೆ ಮೀಟರು ಸರಿಯಿತ್ತು, ಅಕ್ಕನ ಎಪ್ಪತ್ನಾಲ್ಕೂ ನಿಜ. ಅವನು ಅಕ್ಕನ ಮುಖ ನೋಡಿದ, ಬಹುಶಃ ಬೆಳಗಿನಿಂದ ಮೊದಲ ಸಲ.

"ಅಕ್ಕಾ, ನಿನ್ನ ತುಟಿ ಯಾಕೆ ನೀಲಿಯಾಗಿದೆ?"

ಅವಳು ಏಳಲು ನೋಡಿದಳು. ಕಾಲು ಕೇಳಲಿಲ್ಲ. ಸಾಯುವುದಾದರೆ ಪುಟ್ಟನೆಂದೇ ಹೆದರಿದ್ದ ಎದೆಗೆ ಈಗ ತನ್ನದೇ ಸರದಿ ಬಂದಿತ್ತು, ಆ ಹೆದರಿಕೆ ಅವಳಿಗೆ ಅಭ್ಯಾಸವಿರಲಿಲ್ಲ. ಗಂಟಲಿನಲ್ಲಿ ಏನೋ ಗುರುಗುಟ್ಟಿತು.

ತಮ್ಮ ಕೂಗಿದ ಕೂಗಿಗೆ ಬೋಗಿಯ ಪರಿಚಾರಕಿ ಆಮ್ಲಜನಕದ ಸಿಲಿಂಡರ್ ಎಳೆದುಕೊಂಡೇ ಓಡಿಬಂದಳು. ಅಕ್ಕನ ಮುಖಕ್ಕೆ ಮಾಸ್ಕ್ ಕಟ್ಟಿದಳು.

"ಎಲ್ಲಾದ್ರೂ ನಿಲ್ಸಿ, ಇಳಿಸಿಬಿಡಿ ನಮ್ಮನ್ನ!" ಎಂದ ತಮ್ಮ.

"ಇದು ಎತ್ತರದ ಕಾಯಿಲೆ ಸರ್, ಗಟ್ಟಿಮುಟ್ಟಾದವರಿಗೂ ಬರುತ್ತೆ. ಇಲ್ಲಿ ನಿಲ್ಸಿದ್ರೆ ಇದೇ ಎತ್ತರದಲ್ಲಿ ಉಳೀತೀವಿ. ಮೇಲಿನ ಸುರಂಗ ದಾಟಬೇಕು, ಆಮೇಲೆ ಬರೀ ಇಳಿಜಾರು. ಕೆಳಗಿನ ಸ್ಟೇಷನ್‌ಗೆ ಡಾಕ್ಟರ್ ಬರ್ತಾರೆ."

"ಸುರಂಗಕ್ಕೆ ಇನ್ನೂ ಎಷ್ಟು ಹತ್ತಬೇಕು?"

ಪರಿಚಾರಕಿ ಸಿಲಿಂಡರಿನ ತಿರುಪನ್ನು ಇನ್ನಷ್ಟು ತಿರುಗಿಸಿದಳು. ರೈಲು ಏದುಸಿರು ಬಿಡುತ್ತ ಏರುತ್ತಲೇ ಇತ್ತು. ಮುಂದಿನ ಸೀಟಿನ ಯಾರೋ ಕಿಟಕಿಯಾಚೆಯ ಜಲಪಾತ ತೋರಿಸಿ ಮಕ್ಕಳನ್ನು ಕರೆಯುತ್ತಿದ್ದರು.

ಈಗ ಅಕ್ಕನ ಬೆರಳು ತಮ್ಮನ ಕೈಯಲ್ಲಿತ್ತು. ಮೀಟರನ್ನು ಅಂಗೈಯಲ್ಲಿ ಮರೆಮಾಡಿಕೊಂಡು ಇಣುಕಿದ.

"ಎಷ್ಟೋ?" ಮಾಸ್ಕಿನೊಳಗಿಂದ ಅಕ್ಕ ಕೇಳಿದಳು.

"ತೊಂಬತ್ತು ಕಣೇ. ಏರ್ತಾ ಇದೆ. ಸುಮ್ನೆ ಕಣ್ಮುಚ್ಕೋ."

ಅಕ್ಕ ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಬೆರಳನ್ನು ಬಿಡಿಸಿಕೊಂಡು ಕಣ್ಣ ಮುಂದೆ ಹಿಡಿದಳು.

ಶೇಕಡಾ ಎಪ್ಪತ್ತೊಂದು.