ಎಲಾಯ್ನಿನ ತವರು

ಪದವೊಂದು ತಲೆಗೆ ಹೊಕ್ಕೊಡನೆ ಒಂದು ಕಾಲೆತ್ತಿ ಕೊಕ್ಕರೆಯಂತೆ ನಿಂತುಬಿಡುವುದು ವಕೀಲ ಜಯಕರರ ಹುಟ್ಟುಗುಣ. ಎರ್ನಾಕುಲಂನ ನಡುರಸ್ತೆಯಲ್ಲಿ ಬಸ್ಸು ಎಷ್ಟೇ ಬೊಬ್ಬಿಟ್ಟರೂ ಆ ಕಾಲು ಕೆಳಗಿಳಿಯದು, ಕೊನೆಗೆ ಹೆಂಡತಿ ಸೌದಾಮಿನಿಯೇ ಕೋಟಿನ ತೋಳು ಹಿಡಿದು ಎಳೆಯಬೇಕು. ಕಪ್ಪು ಕಂದಿ ಬೆಲ್ಲದ ಬಣ್ಣಕ್ಕೆ ತಿರುಗಿದ ಆ ಕೋಟಿನ ಒಂದು ಜೇಬಿನಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ತಿನ್ನಲು ಮರೆತ ಬಾಳೆಕಾಯಿ ಚಿಪ್ಸು.

ಹಳೆಯ ತೀರ್ಪೊಂದರಲ್ಲಿ ಕಂಡ 'ಎಲಾಯ್ನ್' ಎಂಬ ಇಂಗ್ಲಿಷ್ ಕ್ರಿಯಾಪದ ಅವರಿಗೆ ಗ್ರಹದಂತೆ ಅಂಟಿಕೊಂಡಿತು. ಜಪ್ತಿಯಾಗಬೇಕಾದ ಸೊತ್ತನ್ನು ಕೋರ್ಟಿನ ಕೈಗೆಟುಕದಷ್ಟು ದೂರ ಸಾಗಿಸುವುದು ಎಂದು ಅದರ ಅರ್ಥ. ಫ್ರೆಂಚಿನಿಂದ ಬಂದದ್ದೆಂದು ನಿಘಂಟು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿತ್ತು, ವಕೀಲರು ಒಪ್ಪಬೇಕಲ್ಲ!

"ನಿಘಂಟಿನವರು ಹೇಳುವುದು ಬರೀ ಕೇಳಿದ ಮಾತು ಮಾರಾಯ್ತಿ. ಮೂಲ ಕಾಗದ ನೋಡದೆ ನಂಬಲಿಕ್ಕುಂಟಾ?"

ಹೀಗೆ ರಜೆಯ ಶನಿವಾರಗಳೆಲ್ಲ ತಿರುವನಂತಪುರದ ಗ್ರಂಥಾಲಯವೊಂದಕ್ಕೆ ಸಮರ್ಪಿತವಾದವು. ಅಲ್ಲಿ ಪುರಾತನ ಕಾನೂನುಗ್ರಂಥಗಳನ್ನು ಹುಡುಕಿಕೊಡುತ್ತಿದ್ದ ಜಾಯ್ಸ್ ಎಂಬಾಕೆಯ ಹೆಸರು ಊಟದ ನಡುವೆ ಪದೇ ಪದೇ ಬರತೊಡಗಿದಾಗ ಸೌದಾಮಿನಿಯ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ತನ್ನ ತವರೂರಾದ ಕಾಸರಗೋಡಿನ ಪೆರ್ಲದಲ್ಲಿ ತಂಗಿ ವಾಸಂತಿಯ ಮನೆಯೊಕ್ಕಲಿಗೆ ಬರಲು ಪುರುಸೊತ್ತಿಲ್ಲದ ಮನುಷ್ಯನಿಗೆ ಈ ರೈಲು ಮಾತ್ರ ಒಮ್ಮೆಯೂ ತಪ್ಪಿದ್ದಿಲ್ಲ!

"ಈ ಸಲ ನಾನೂ ಬರ್ತೇನೆ" ಎಂದು ಹೊಸ ಸೀರೆಯುಟ್ಟು ಹೊರಟೇಬಿಟ್ಟಳು.

ತಂಪಾನೂರಿನ ರೈಲು ನಿಲ್ದಾಣದಲ್ಲಿಳಿದು, ಆಟೋದಲ್ಲಿ ಜಗಳದ ಮಾತು ಜೋಡಿಸಿಕೊಂಡು ಹೋದವಳಿಗೆ ಕಂಡದ್ದು ಪುಸ್ತಕದ ಧೂಳಿಗೆ ಸೀನುತ್ತಿದ್ದ, ನಿವೃತ್ತಿಯ ಅಂಚಿನ ಹೆಂಗಸು. ಜಾಯ್ಸ್ ವಕೀಲರತ್ತ ತಿರುಗಿಯೂ ನೋಡದೆ, ಮಲಯಾಳಿಗಳ ರೂಢಿಯಂತೆ ಸೌದಾಮಿನಿಯ ಕೈ ಹಿಡಿದು, ಊರು ಯಾವುದು, ತವರುಮನೆಯ ಹೆಸರೇನು ಎಂದು ವಿಚಾರಿಸಿದಳು. ಎಲ್ಲರ ಪರವಾಗಿಯೂ ತಾನೇ ವಾದಿಸುವ ಚಟದಿಂದ ಜಯಕರರು ನಡುವೆ ಬಾಯಿ ಹಾಕಿದರು.

"ಕಾಸರಗೋಡು, ಪೆರ್ಲ. ಮನೆ ಹೆಸರು..."

ಒಂದು ಕಾಲು ಮೇಲಕ್ಕೆದ್ದಿತು. ಶತಮಾನಗಳ ಹಿಂದೆ ಫ್ರಾನ್ಸಿನಿಂದ ಹೊರಟ ಪದದ ದಾರಿ ಬಾಯಿಪಾಠವಿದ್ದವರಿಗೆ ಹೆಂಡತಿ ಹುಟ್ಟಿದ ಮನೆಯ ಹೆಸರು ನಾಲಿಗೆಗೆ ಬರಲಿಲ್ಲ. ಸೌದಾಮಿನಿ ಈ ಸಲ ತೋಳು ಹಿಡಿದೆಳೆಯಲಿಲ್ಲ.

"ಎಂತ ಮಾರಾಯ್ತಿ ಅದು?" ಎಂದರು ಮೆಲ್ಲನೆ.

"ನಾನು ಹೇಳಿದರೆ ಕೇಳಿದ ಮಾತಾಗ್ತದೆ. ಪೆರ್ಲಕ್ಕೆ ಹೋಗಿ ನೋಡಿ ಬನ್ನಿ."

ಮೂಲ ಹುಡುಕುವವರ ಜಾತಿಯೇ ಹೀಗೆ. ಹಿತ್ತಲ ಗಿಡ ಮದ್ದಲ್ಲ. ಏಳು ಕಡಲಾಚೆಯ ಬೇರಿಗಾಗಿ ಪ್ರಾಣ ಬಿಡುವವರಿಗೆ, ಪಕ್ಕದಲ್ಲೇ ಕುಳಿತು ಅನ್ನ ಬಡಿಸುವ ಜೀವಕ್ಕೂ ಒಂದು ಬೇರಿದೆಯೆಂದು ಹೊಳೆಯುವುದೇ ಇಲ್ಲ. ಜಾಯ್ಸಳ ಮೇಲಿನ ಹೊಟ್ಟೆಕಿಚ್ಚು ಅಂದೇ ಆರಿತು. ಆ ಕ್ರಿಯಾಪದದ ಮೇಲಿನದು ಮಾತ್ರ ಸೌದಾಮಿನಿಗೆ ಇಂದಿಗೂ ಆರಿಲ್ಲ: ಅದರ ತವರನ್ನಾದರೂ ಒಬ್ಬರು ಕೇಳಿಕೊಂಡು ಹೋದರಲ್ಲ.