ಕೊನೆಯ ಗುಂಡಿ

ಹದಿನೇಳಕ್ಕೇ ದರ್ಜಿಯ ಮಗಳ ನಾಲಿಗೆ ಎಷ್ಟು ಚೂಪಾಗಿತ್ತೆಂದರೆ ಬೀದಿಯವರೆಲ್ಲ ಅವಳನ್ನು ಗುಂಡುಸೂಜಿ ಎಂದೇ ಕರೆಯುತ್ತಿದ್ದರು. ಬದುಕಿರುವ ಹುಡುಗರನ್ನೆಲ್ಲ ಚುಚ್ಚಿ ಓಡಿಸಿದ ಈ ಮಹಾರಾಯ್ತಿ ಕೊನೆಗೆ ಮನಸ್ಸು ಕೊಟ್ಟದ್ದು ಒಂದು ದೆವ್ವಕ್ಕೆ. ಅದಿದ್ದದ್ದು ಅಂಗಡಿಯ ಟ್ರಯಲ್ ರೂಮಿನ ಕನ್ನಡಿಯೊಳಗೆ.

ಕಾಲೇಜಿನ ಬೀಳ್ಕೊಡುಗೆಗೆಂದು ಕೋಟಿಗೆ ಅಳತೆ ಕೊಟ್ಟು ಹೋದ ಹುಡುಗ ಅದೇ ವಾರ ಸ್ಕೂಟರಿನಿಂದ ಬಿದ್ದು ಸತ್ತಿದ್ದ. ಒಬ್ಬರ ಮೈಗೆಂದು ಕತ್ತರಿಸಿದ ಬಟ್ಟೆಯನ್ನು ಇನ್ನೊಬ್ಬರಿಗೆ ಮಾರುವುದು ಅಪ್ಪನ ಜಾಯಮಾನವಲ್ಲ, ಅರ್ಧಕ್ಕೆ ಬಿಡುವುದಂತೂ ಅಲ್ಲವೇ ಅಲ್ಲ. ಬಿಡುವಾದಾಗಲೆಲ್ಲ ಹೊಲಿಯುತ್ತಾ ಬಂದರು. ಸತ್ತ ಹುಡುಗ ಅವಳಿಗೆ ಕನ್ನಡಿಯಲ್ಲಿ ಕಂಡ ಮೊದಲ ದಿನ ಒಡೆದ ತಲೆ, ಸುರಿಯುವ ರಕ್ತ ಎಲ್ಲ ತೋರಿಸಿ ಹೆದರಿಸಲು ನೋಡಿದ. ಕನ್ನಡಿ ಒರೆಸುವವಳು ತಾನೆಂದು ಅವಳು ಗದರಿದ ಮೇಲೆ ಪೆಚ್ಚಾಗಿ, ಮುಖ ತೊಳೆದವನ ಹಾಗೆ ಬಂದು ನಿಂತ. ಕೋಟಿಗೆ ಕೊನೆಯ ಗುಂಡಿ ಬಿದ್ದ ದಿನ ಅದನ್ನು ಹಾಕಿಕೊಂಡು ಹೊರಟುಬಿಡುವುದಾಗಿ ಹೇಳಿದ.

ಅಲ್ಲಿಂದ ಶುರುವಾಯಿತು ನೋಡಿ ಗುಂಡುಸೂಜಿಯ ಕಿತಾಪತಿ. ಅಪ್ಪ ಹಾಕಿದ ಗುಂಡಿಯನ್ನು ಅವರು ಊಟಕ್ಕೆ ಹೋದಾಗ ಇವಳು ಬಿಚ್ಚುವಳು. ಕನ್ನಡಿಯಲ್ಲಿ ಅವನು ಕಂಡೂ ಕಾಣದವನಂತೆ ಕೂದಲು ಬಾಚಿಕೊಳ್ಳುತ್ತಾ ಶಿಳ್ಳೆ ಹಾಕುವನು. ಕಳ್ಳರಿಬ್ಬರೂ ಸುಖವಾಗಿದ್ದರು.

ಒಂದು ಬೆಳಗ್ಗೆ ಅಪ್ಪ ಚಿಂದಿಯೊಂದಕ್ಕೆ ಗುಂಡಿ ಹೊಲಿದು ಎಳೆದೆಳೆದು ನೋಡುತ್ತಿದ್ದರು.

"ನನ್ನ ಕೈ ಹಿಡಿತ ಹೋಯ್ತು ಮಗಾ," ಎಂದರು. "ಮಿಷನ್ನು ಯಾರಿಗಾದ್ರೂ ಕೊಟ್ಟು ಅಂಗಡಿ ಮುಚ್ಚೋಣ."

ಅವಳಿಗೆ ತನ್ನ ಆಟಕ್ಕೆ ಅಪ್ಪ ತಮ್ಮ ಕೈಯನ್ನೇ ಅನುಮಾನಿಸುವಂತಾಯಿತಲ್ಲ ಎಂದು ನಾಚಿಕೆಯಾಯಿತು. ಅಂದು ಮಧ್ಯಾಹ್ನ ಟ್ರಯಲ್ ರೂಮಿನ ಸ್ಟೂಲಿನ ಮೇಲೆ ಕೂತು, ಕೋಟನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ಗುಂಡಿ ಹಾಕಿದಳು. ಕಣ್ಣೀರಿಗೆ ಸೂಜಿಯ ತುದಿಯೇ ಕಾಣುತ್ತಿರಲಿಲ್ಲ. ಹುಡುಗ ಕನ್ನಡಿಯಿಂದ ಕೈ ಚಾಚಿ ಕೋಟಿನ ತೋಳಿಗೆ ತೋಳು ತೂರಿಸಿದ. ಕೋಟು ಒಳಗೆ ಸರಿಯಿತು, ಅದರ ಹಿಂದೆಯೇ ಅವಳ ಲಂಗವೂ ಹೊರಟಿತು.

ತೊಡೆಯ ಮೇಲಿಟ್ಟು ಹೊಲಿಯುವವರಿಗಷ್ಟೇ ಆಗುವ ಎಡವಟ್ಟು ಅದು. ಗುಂಡಿಯ ಜೊತೆ ತನ್ನ ಲಂಗವನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು. ಮಂಡಿಯವರೆಗೆ ಕನ್ನಡಿಯೊಳಗೆ ಹೋದಳು. ಒಳಗೆ ಕಾಲಿಗೆ ನೆಲ ಸಿಗಲಿಲ್ಲ, ಬೆರಳುಗಳು ಮರಗಟ್ಟಿದವು. ಹುಡುಗ ತಿರುಗಿ ನೋಡಿ ಹೌಹಾರಿದ. ಕೋಟು ಕಳಚಲು ತೊಡಗಿದ.

"ನಾನು ಹೋಗಲ್ಲ ಬಿಡು. ಇಲ್ಲೇ ಇರ್ತೀನಿ."

ಇಷ್ಟು ದಿನ ಅವಳು ಹಂಬಲಿಸಿದ್ದು ಇದೇ ಮಾತಿಗೆ. ಈಗ ಕೇಳಿದಾಗ ಅದು ಬೇಡವೆನಿಸಿತು. ಸೊಂಟದಲ್ಲಿದ್ದ ಕತ್ತರಿ ತೆಗೆದು ಲಂಗವನ್ನೇ ಕತ್ತರಿಸಿ ಕಾಲುಗಳನ್ನು ಹೊರಗೆಳೆದುಕೊಂಡಳು.

"ಹೋಗೋ ಮಾರಾಯ," ಎಂದಳು. "ಅಲ್ಲಿ ಯಾರಾದ್ರೂ ಈ ಚೂರು ಯಾರದ್ದು ಅಂತ ಕೇಳಿದ್ರೆ, ನಮ್ಮ ಹುಡುಗೀದು ಅನ್ನು."

ಅವನು ನಗುತ್ತಲೇ ಹೋದ. ಕನ್ನಡಿಯಲ್ಲಿ ಉಳಿದದ್ದು ಅವಳ ಅತ್ತ ಮುಖ ಮಾತ್ರ.

ಊಟ ಮುಗಿಸಿ ಬಂದ ಅಪ್ಪ ಲಂಗದ ತೂತನ್ನೂ ಖಾಲಿ ಹ್ಯಾಂಗರನ್ನೂ ನೋಡಿದರು. ಅವಳು ಒಂದೂ ಬಿಡದೆ ಎಲ್ಲ ಹೇಳಿದಳು. ದೆವ್ವದ ವಿಷಯ ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಂಡು, ಮೆಲ್ಲಗೆ ಕೇಳಿದರು:

"ಹಾಗಾದ್ರೆ ನನ್ನ ಕೈ ಸರಿಯಾಗೇ ಇದೆಯಾ?"

ಗುಂಡುಸೂಜಿ ಆ ಎರಡೂ ಕೈಗಳನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.